ಬಟಾಟೆ ಸೂಪಿನಲ್ಲಿ ಇಲ್ಲದ್ದು

ವೈಜಯಂತಿ ವೈನಿಗೆ, ಮಾಜಾಳಿಯಿಂದ ಪುಂಡಲೀಕ ಮಾಡುವ ನಮಸ್ಕಾರ.

ನೀವು ಕಳಿಸಿದ ಡಬ್ಬಿ ನಿನ್ನೆ ತಲುಪಿತು. ಕುಮಾರನ ಮೀನಿನ ಟೆಂಪೋದಲ್ಲಿ, ಬಂಗಡೆ ಕ್ರೇಟುಗಳ ನಡುವೆ ಸೀಟು ಹಿಡಿದುಕೊಂಡು, ನಿಮ್ಮ ಬಟಾಟೆ ಸೂಪು ಅಂಕೋಲೆಯಿಂದ ಇಲ್ಲಿಯವರೆಗೆ ಬಂತು. ಬಾಳೆಗುಳಿಯಲ್ಲಿ ಚಹಾ ಕುಡಿಯಲು ಇಳಿದವನು ಡಬ್ಬಿಯನ್ನೂ ಇಳಿಸಿ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಿದ್ದನಂತೆ. "ಮೀನಿನ ನೀರು ತಾಗೂಕಾಗ ಅಂತ ವೈನಿ ನಾಕು ಸಲ ಹೇಳೀರು ಮಾರಾಯಾ" ಅಂದ.

ಇದು ಮೂರನೆಯ ಡಬ್ಬಿ. ಮೂರು ಸಲವೂ ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದೇ ಮಾತು: "ಭಾವಜಿ, ಕುಡಿದು ನೋಡಿ. ನನ್ನ ಕೈಯಲ್ಲಿ ಎಂತ ತಪ್ಪಾಗ್ತದೆ ಹೇಳಿ." ಪಾತ್ರೆ ಖಾಲಿ ಕಳಿಸಬಾರದೆಂದು ಒಮ್ಮೆ ಅವಲಕ್ಕಿ, ಒಮ್ಮೆ ಗೋವೆಯ ಗೇರುಬೀಜ ತುಂಬಿ ಕಳಿಸಿದೆ. ಉತ್ತರ ಮಾತ್ರ ಕಳಿಸಲಿಲ್ಲ. ಈ ಸಲ ಡಬ್ಬಿಯೊಳಗೆ ಈ ಕಾಗದ ಇಡುತ್ತಿದ್ದೇನೆ. ಐದನೇ ಇಯತ್ತೆಯವನ ಅಕ್ಷರ, ಓದಲು ಕಷ್ಟವಾದೀತು. ಹಾಗೆಂದು ಕುಮಾರನ ಹತ್ತಿರ ಓದಿಸಬೇಡಿ. ಅವನ ಬಾಯಿಗೆ ಬಿದ್ದ ಮಾತು ಮೀನಿಗಿಂತ ಮೊದಲು ಪೇಟೆ ಸೇರುತ್ತದೆ.

ಕಿಶೋರಣ್ಣ ಹೋಗಿ ಎರಡು ತಿಂಗಳಾಯಿತು. ನಿಮ್ಮ ತಂಗಿ ಅಮಿತಾ ಮೊನ್ನೆ ಫೋನು ಮಾಡಿದ್ದಳು. ನೀವು ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುವುದನ್ನು ಬಿಟ್ಟಿದ್ದೀರಂತೆ. ಊಟಕ್ಕೆ ಕೂತರೆ ಅನ್ನ ಕಲಸಿದ ಕೈಯನ್ನೇ ನೋಡುತ್ತ ಕೂರುತ್ತೀರಂತೆ. "ಈ ಕೈಯಲ್ಲಿ ರುಚಿ ಇದ್ದಿದ್ರೆ ಅವರು ಉಳೀತಿದ್ರು" ಎಂದು ಹೇಳಿ ಏಳುತ್ತೀರಂತೆ. ಅದನ್ನು ಕೇಳಿದ ಮೇಲೆ ನನಗೂ ತುತ್ತು ಇಳಿಯುತ್ತಿಲ್ಲ. ನನ್ನ ಹೊಟ್ಟೆ ನಿಮಗೆ ಗೊತ್ತಲ್ಲ, ಅದು ಊಟ ಬಿಟ್ಟಿದೆ ಎಂದರೆ ವಿಷಯ ಸಣ್ಣದಲ್ಲ.

ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ಅಣ್ಣನ ಅನ್ನನಾಳದಲ್ಲಿ ಗಂಟು ಬೆಳೆದಿದೆ ಎಂದು ಗೊತ್ತಾದ ದಿನ ನೀವು ಮನೆದೇವರ ಮುಂದೆ ತೆಂಗಿನಕಾಯಿ ಇಟ್ಟು ಹರಕೆ ಹೇಳಿಕೊಂಡಿರಿ. ಅವರು ಎದ್ದು ಕೂತು ಅನ್ನ ಉಣ್ಣುವ ತನಕ ಮೀನು ಮಾಂಸ ಈ ಹೊಸಿಲು ದಾಟುವುದಿಲ್ಲ ಎಂದು. ಮೀನು ಮಾರಿ ಮನೆ ನಡೆಸುವವರು ನೀವು. ಅಂದಿನಿಂದ ಬುಟ್ಟಿಯನ್ನು ಅಂಗಳದ ತೆಂಗಿನ ಬುಡದಲ್ಲೇ ಬಿಟ್ಟು, ಬಾವಿಕಟ್ಟೆಯಲ್ಲಿ ಮಿಂದು ಒಳಗೆ ಬರುತ್ತಿದ್ದಿರಿ. ನಿಮ್ಮ ಮನೆ ಬೆಕ್ಕು ಮಾಜಾಳಿಗೆ ಬಂದು ನನ್ನ ಹತ್ತಿರ ಅರ್ಜಿ ಕೊಟ್ಟಿದೆ ಎಂದು ನಾನು ಹೇಳಿದಾಗ ಅಣ್ಣ ಕೆಮ್ಮು ಬರುವಷ್ಟು ನಕ್ಕರು. ನೀವು ನಗಲಿಲ್ಲ.

ಡಿಸೆಂಬರಿನಲ್ಲಿ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು: ತೂಕ ಮೂವತ್ತೊಂಬತ್ತಕ್ಕೆ ಇಳಿದಿದೆ, ಹೀಗಾದರೆ ಗಂಟು ಸುಡುವ ಕರೆಂಟು ಕೊಡಲಿಕ್ಕೆ ಬರುವುದಿಲ್ಲ, ಮಾಂಸದ ಸೂಪು, ಮೊಟ್ಟೆ, ಏನಾದರೂ ಗಟ್ಟಿಯಾದದ್ದು ಹೊಟ್ಟೆಗೆ ಹೋಗಬೇಕು. ನಾನು ನಿಮಗೆ ಹೇಳಿದೆ. ನೀವು ಹೆಸರುಬೇಳೆಯ ನೀರು ಕಲಕುತ್ತ, "ಹರಕೆ ಮುರಿದು ಅವರನ್ನ ಉಳಿಸ್ಕಂಬೂದು ಹೇಗೆ ಭಾವಜಿ?" ಅಂದಿರಿ. ಹನ್ನೊಂದು ವರ್ಷ ನಾನು ಅಣ್ಣನ ಬೋಟಿನಲ್ಲಿ ಅಡುಗೆ ಮಾಡಿದವನು. ಅಲೆಗೆ ಬೋಟು ಅಡ್ಡ ಬಿದ್ದಾಗಲೂ ಅವರು ತಟ್ಟೆ ಹಿಡಿದು, "ಪುಂಡ್ಯಾ, ಇನ್ನೊಂದು ತುಂಡು ಹಾಕೋ" ಅನ್ನುತ್ತಿದ್ದರು. ಆ ಮನುಷ್ಯ ಬೇಳೆನೀರನ್ನು ಚಮಚದಲ್ಲಿ ಕುಡಿದು ಗೋಡೆಗೆ ತಿರುಗುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ನಾನು ಈಗ ಕೆಲಸ ಮಾಡುವ ಗೋವೆಯ ಹೊಟೇಲಿನಲ್ಲಿ ಕ್ರಿಸ್‌ಮಸ್‌ಗೆ ಟರ್ಕಿ ಕೋಳಿಯನ್ನು ಇಡಿಯಾಗಿ ಸುಟ್ಟು ಮೇಜಿನ ನಡುವೆ ಇಡುತ್ತಾರೆ. ಹೆಸರಿಗೆ ಕೋಳಿ ವೈನಿ, ನೋಡಿದರೆ ಕರು, ಎರಡು ಕಾಲು ಕಡಿಮೆ ಅಷ್ಟೇ. ಬಂದವರು ಅದರ ಜತೆ ಫೋಟೋ ತೆಗೆಸಿಕೊಂಡು, ಎದೆಯ ಎರಡು ಹೋಳು ತಿಂದು ಎದ್ದರು. ಉಳಿದದ್ದನ್ನು ಮರುದಿನ ಕೆಲಸದವರು ಒಯ್ಯಬಹುದು. ನಾನು ಮೂರು ಹಕ್ಕಿಯ ಎಲುಬುಗೂಡು ಹೊತ್ತು ಬಂದೆ. ಚೆಕ್‌ಪೋಸ್ಟಿನಲ್ಲಿ ಬಾಟಲಿ ಹುಡುಕುತ್ತಿದ್ದ ಪೊಲೀಸ ಚೀಲ ಬಿಚ್ಚಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ಯಾರದ್ದೋ ಇದು?" ಎಂದು ಕೇಳಿದ.

ಮನೆಯಲ್ಲಿ ಎಲುಬಿಗೆ ಅಂಟಿದ ಮಾಂಸವನ್ನೆಲ್ಲ ಕೈಯಲ್ಲಿ ಬಿಡಿಸಿದೆ. ಎಲುಬು ಮುರಿದು, ಈರುಳ್ಳಿ, ಗಜ್ಜರಿ, ಕಾಳುಮೆಣಸು ಹಾಕಿ ಮೂರು ತಾಸು ಸಣ್ಣ ಬೆಂಕಿಯಲ್ಲಿ ಕುದಿಸಿದೆ. ಮೇಲಿನ ನೊರೆ ತೆಗೆಯುತ್ತ ಕೂತೆ. ಬೇರೆ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಮೈದಾ ಹಾಕಿ, ಬಣ್ಣ ತಿರುಗದ ಹಾಗೆ ಹುರಿದು, ಸೋಸಿದ ರಸವನ್ನು ಸೌಟು ಸೌಟಾಗಿ ಬಿಟ್ಟೆ. ಒಮ್ಮೆಲೇ ಸುರಿದರೆ ಗಂಟಾಗುತ್ತದೆ. ಅಣ್ಣನ ಗಂಟಲಿಗೆ ಇನ್ನೊಂದು ಗಂಟು ಬೇಡ ಎಂದು ಒಬ್ಬನೇ ಹೇಳಿಕೊಂಡೆ, ಒಬ್ಬನೇ ಇದ್ದದ್ದರಿಂದ ಯಾರೂ ನಗಲಿಲ್ಲ. ಬೇಯಿಸಿದ ಬಟಾಟೆಯ ಜತೆ ಮಾಂಸವನ್ನು ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಹಾಲು ಸೇರಿಸಿ, ಬೆಂಕಿ ಆರಿಸಿದ ಮೇಲೆ ಕೆನೆ ಬಿಟ್ಟೆ. ಬೆಳ್ಳಗೆ, ಚಮಚದ ಬೆನ್ನಿಗೆ ಅಂಟಿ ನಿಲ್ಲುವ ಹಾಗೆ ಬಂತು. ನೋಡಿದರೆ ಬಟಾಟೆಯಲ್ಲದೆ ಬೇರೇನೂ ಕಾಣುವುದಿಲ್ಲ.

ಹೌದು ವೈನಿ. ನಿಮಗೆ ಬಟಾಟೆ ಸೂಪು ಎಂದು ಹೇಳಿ ತಂದದ್ದು ಅದೇ.

ನಿಮ್ಮ ಹೊಸಿಲ ಮುಂದೆ ಒಂದು ಗಳಿಗೆ ನಿಂತೆ. ಬೆಳಿಗ್ಗೆ ತಿಂದ ಬಂಗಡೆ ನನ್ನ ಹೊಟ್ಟೆಯೊಳಗೆ ಕೂತು ಈ ಹೊಸಿಲು ದಾಟುವುದಾದರೆ, ಡಬ್ಬಿಯೊಳಗಿನ ಹಕ್ಕಿ ಯಾಕೆ ದಾಟಬಾರದು ಎಂದು ದೇವರ ಜತೆ ವಾದ ಹಾಕಿದೆ. ಎದುರು ವಕೀಲರಿಲ್ಲದ್ದರಿಂದ ಗೆದ್ದು ಒಳಗೆ ಬಂದೆ.

ಆಮೇಲೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಬಿಸಿ ನೋಡಲು ನೀವು ಚಮಚವನ್ನು ತುಟಿಗೆ ತಾಗಿಸಿದಿರಿ. "ಬಟಾಟೆ ಇಷ್ಟು ರುಚಿ ಆಗ್ತದೆ ಅಂತ ಗೊತ್ತೇ ಇಲ್ಲಾಗಿತ್ತು" ಎಂದು ಇನ್ನೊಂದು ಚಮಚ ಕುಡಿದಿರಿ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಹರಕೆ ಹೊತ್ತ ನಾಲಿಗೆಗೇ ಮಾಂಸ ತಾಗಿಸಿದ ಪಾಪ ನನ್ನದು. ನಿಮಗೆ ಅದರಲ್ಲಿ ಪಾಲಿಲ್ಲ.

ಅಣ್ಣನಿಗೆ ಮೊದಲ ಗುಟುಕಿಗೇ ಗೊತ್ತಾಯಿತು. ನೀವು ಬಾಯಿ ಒರೆಸುವ ಬಟ್ಟೆ ತರಲು ಎದ್ದಾಗ ನನ್ನ ಅಂಗಿ ಹಿಡಿದು ಹತ್ತಿರ ಎಳೆದು, ಉಸಿರಿನಲ್ಲೇ, "ಪುಂಡ್ಯಾ, ಈ ಬಟಾಟೆಗೆ ರೆಕ್ಕೆ ಇತ್ತಲಾ?" ಅಂದರು. ನಾನು ಕಾಲು ಹಿಡಿದೆ. "ಅವಳಿಗೆ ಹೇಳೂದು ಬ್ಯಾಡ. ಆ ಹರಕೆ ಬಿಟ್ರೆ ಅವಳ ಹತ್ರ ಮತ್ತೆಂತ ಅದೆ? ನಾಳಿಗೂ ತಾ" ಅಂದರು. ನೀವು ಬರುವಷ್ಟರಲ್ಲಿ ಬಟ್ಟಲು ಎತ್ತಿ ಕುಡಿಯುತ್ತಿದ್ದರು.

ಹೊಸ ವರ್ಷಕ್ಕೆ ಇನ್ನೆರಡು ಹಕ್ಕಿ ಉಳಿದವು. ಒಟ್ಟು ಹದಿನಾಲ್ಕು ದಿನ ತಂದೆ. ತೂಕ ನಲವತ್ತೊಂದಕ್ಕೆ ಬಂತು, ಕರೆಂಟು ಶುರುವಾಯಿತು. ಒಂದು ಸಂಜೆ ಅವರೇ ನಡೆದು ಅಂಗಳಕ್ಕೆ ಬಂದರು, ನೀವು ದೇವರ ಕೋಣೆಗೆ ಓಡಿದಿರಿ.

ಆ ವಾರವೇ ನೀವು ಕೇಳಿದಿರಿ: "ಈ ಚಳಿಗೆ ಬೈಕಿನ ಮೇಲೆ ಎಷ್ಟು ದಿನ ಬರೂದು ನೀವು? ನನಗೆ ಹೇಳಿಕೊಡಿ, ನಾನೇ ಮಾಡ್ತೆ." ನಾನು ಹೇಳಿಕೊಟ್ಟೆ. ಬೆಣ್ಣೆ ಎಷ್ಟು, ಮೈದಾ ಎಷ್ಟು, ಕೆನೆ ಯಾವಾಗ, ಎಲ್ಲ ಹೇಳಿದೆ, ಎಲುಬೊಂದನ್ನು ಬಿಟ್ಟು. ಟರ್ಕಿ ಮುಗಿದಿದ್ದರೂ ನಮ್ಮ ಊರ ಕೋಳಿ ಇತ್ತು. ನಾನೇ ಮಾಡಿ ತರುತ್ತೇನೆ ಎಂದು ಹಟ ಹಿಡಿದರೆ ನಿಮಗೆ ಸಂಶಯ ಬರುತ್ತದೆ ಎಂದು ಹೆದರಿದೆ. ನಿಮ್ಮ ಮುಖಕ್ಕೆ ಹೆದರಿ ಅಣ್ಣನನ್ನು ಬಟಾಟೆಗೆ ಒಪ್ಪಿಸಿದೆ.

ನಿಮ್ಮ ಸೂಪನ್ನು ಅವರು ಮೊದಲ ದಿನ ಪೂರ್ತಿ ಕುಡಿದರು, ನಿಮ್ಮ ಸಲುವಾಗಿ. ವಾರದಲ್ಲಿ ಅರ್ಧವಾಯಿತು, ಆಮೇಲೆ ಎರಡು ಚಮಚ. ತೂಕ ಇಳಿಯಿತು, ಕರೆಂಟು ನಿಂತಿತು. "ಅದೇ ಬಟಾಟೆ, ಅದೇ ಹಾಲು. ನಿಮ್ಮ ಕೈದು ಇಳೀತದೆ, ನನ್ನ ಕೈದು ಇಳೀತಿಲ್ಲ" ಎಂದು ನೀವು ಅತ್ತಿರಿ. ನಾನು, "ಕೈ ತೊಳೀದೇ ಮಾಡ್ಬೇಕು ವೈನಿ, ಅದೇ ಗುಟ್ಟು" ಎಂದು ಹಲ್ಲು ಬಿಟ್ಟೆ. ಜೀವಮಾನದಲ್ಲಿ ಎಷ್ಟೋ ಕೆಟ್ಟ ಜೋಕು ಹೇಳಿದ್ದೇನೆ. ಅದರಷ್ಟು ಕೆಟ್ಟದ್ದು ಇಲ್ಲ.

ಅಣ್ಣ ಹೋದ ಮೇಲೆ ನಾನು ಒಬ್ಬನೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ರೋಗ ಲಿವರಿಗೆ ಹೋಗಿಬಿಟ್ಟಿತ್ತು, ಏನು ತಿನ್ನಿಸಿದ್ದರೂ ಉಳಿಯುತ್ತಿರಲಿಲ್ಲ, ಹೆಚ್ಚೆಂದರೆ ಒಂದು ತಿಂಗಳು ಮುಂದೆ ಹೋಗುತ್ತಿತ್ತು ಅಂದರು. ಸಮಾಧಾನ ಮಾಡಲು ಅಂದದ್ದು. ನನಗೆ ಆ ಒಂದು ತಿಂಗಳು ಮಾತ್ರ ಕೇಳಿಸಿತು. ಅವರು ಅಂಗಳದಲ್ಲಿ ಕೂತು ನಿಮ್ಮ ಜತೆ ಮಾತಾಡಬಹುದಾಗಿದ್ದ ತಿಂಗಳು ಅದು. ಅದು ನನ್ನ ಹೆದರಿಕೆಗೆ ಹೋಯಿತು.

ನಿನ್ನೆಯ ಸೂಪನ್ನು ಪೂರ್ತಿ ಕುಡಿದೆ. ಗಂಟಿಲ್ಲ, ತಳ ಹಿಡಿದಿಲ್ಲ, ಕೆನೆ ಒಡೆದಿಲ್ಲ. ನಮ್ಮ ಹೊಟೇಲಿನ ದೊಡ್ಡ ಕುಕ್ಕನೂ ಇದಕ್ಕಿಂತ ಚೆನ್ನಾಗಿ ಬಟಾಟೆ ಸೂಪು ಮಾಡಲಾರ. ನಿಮ್ಮ ಕೈಯಲ್ಲಿ ಯಾವ ತಪ್ಪೂ ಇಲ್ಲ ವೈನಿ. ಇಲ್ಲದ ರುಚಿಯನ್ನು ಹುಡುಕಿ ಇನ್ನು ಒಲೆಯ ಮುಂದೆ ನಿಲ್ಲಬೇಡಿ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಅಂಗಳದಲ್ಲೇ ನಿಲ್ಲುತ್ತೇನೆ. ಬಾಗಿಲು ಹಾಕಿಕೊಂಡರೆ ಅದೇ ಬಸ್ಸಿಗೆ ತಿರುಗುತ್ತೇನೆ, ಮತ್ತೆ ಮುಖ ತೋರಿಸುವುದಿಲ್ಲ. ಹೊರಗೆ ಬಂದರೆ ಬೈಯಿರಿ, ಹೊಡೆಯಬೇಕೆಂದರೆ ಹೊಡೆಯಿರಿ. ಅದಾದ ಮೇಲೆ ಒಳಗೆ ಹೋಗಿ ಆ ಕೈಯಿಂದ ನಾಲ್ಕು ತುತ್ತು ಅನ್ನ ಉಣ್ಣಿ. ನನ್ನನ್ನು ಉಣ್ಣಲು ಕರೆಯಬೇಕಾಗಿಲ್ಲ.

ದೇವರು ನಿಮ್ಮ ಕೈಗೆ ಶಕ್ತಿ ಕೊಡಲಿ, ನನ್ನ ಕೆನ್ನೆಯೂ ಗಟ್ಟಿ ಇರಲಿ.

ನಿಮಗೆ ಸುಳ್ಳು ಉಣಿಸಿದ,
ಪುಂಡಲೀಕ