ಬೊಗಸೆಗೆ ಹೊಯ್ದ ನೀರು

ರೀ,

ಇಡ್ಲಿ ಹಿಟ್ಟು ಫ್ರಿಜ್ಜಿನಲ್ಲಿದೆ, ಮಕ್ಕಳಿಗೆ ಬೇಯಿಸಿಕೊಡಿ. ಮಿಕ್ಕ ಕೇಕನ್ನು ಹಸುವಿಗೆ ಹಾಕಿಬಿಡಿ, ನನಗೆ ನೋಡಲಾಗುತ್ತಿಲ್ಲ.

ಬೇಸಿಗೆ ರಜೆಯೆಂದು ನಿನ್ನೆ ಸಾಲಿಗ್ರಾಮದ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ನಮ್ಮ ಸ್ಪಂದನಾ, ತನ್ನ ಹುಟ್ಟುಹಬ್ಬದ ದಿನವೇ, ಎಲ್ಲ ಮಕ್ಕಳಿಗೂ ಲೋಟ ಕೊಟ್ಟು, ಊರಾಚೆಯ ದಲಿತ ಕಾಲೋನಿಯ ಗೌತಮಿಗೆ ಮಾತ್ರ "ಬೊಗ್ಸೆ ಒಡ್ಡೇ" ಅಂದು ಮೇಲಿನಿಂದ ನೀರು ಹೊಯ್ದಳು. ಆ ಮಗು ಒಡ್ಡಿ ಕುಡಿಯಿತು. ನೀವು "ಮಕ್ಳಾಟ ಕಣೇ, ಬುಡು" ಎಂದು ನಕ್ಕಿರಿ.

ಹತ್ತು ವರ್ಷ ಊರೂರ ವೇದಿಕೆಯಲ್ಲಿ ಇದರ ವಿರುದ್ಧವೇ ಕೂಗಿದೆನಲ್ಲ, ಯಾರಿಗೆ?

ಗೌತಮಿಯ ಮನೆಗೆ ಹೊರಟಿದ್ದೇನೆ. ಅವಳ ಅವ್ವನಿಗೆ ಏನು ಹೇಳಬೇಕೋ ತಿಳಿಯದು.

ಸ್ಪಂದನಾಳಿಗೆ ಬಯ್ಯಬೇಡಿ. ಹಿತ್ತಲಲ್ಲಿ ಅತ್ತೆ ಆಳುಗಳಿಗೆ ಹೀಗೇ ನೀರು ಹೊಯ್ಯುವಾಗ, ಮಗಳ ಕೈ ಹಿಡಿದು ಪಕ್ಕದಲ್ಲಿ ಸುಮ್ಮನೆ ನಿಂತಿದ್ದವಳು ನಾನೇ.