ತಂತಮ್ಮ ಬಾಟಲಿ ತರುವ ಹೋಟೆಲು

ಫ್ರೀಮಾಂಟ್
ಮೇ ೧೨, ಸೋಮವಾರ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಕೈ ನಡುಗುವುದು ಪೂರ್ತಿ ನಿಂತಿತೆ? ನಿದ್ದೆ ಬರುತ್ತಿದೆಯೆ? ನಿನ್ನೆ ಬೆಳಿಗ್ಗೆ ಫೋನಿನಲ್ಲಿ ನಿಮ್ಮ ದನಿ ಗಟ್ಟಿಯಾಗಿತ್ತು. ಅಲ್ಲಿ ಕೊಡುವ ಓಟ್‌ಮೀಲನ್ನು ಗೋಡೆಗೆ ಪೋಸ್ಟರು ಅಂಟಿಸುವ ಗೋಂದು ಎಂದು ಬೈದಿರಲ್ಲ, ಆಗಲೇ ನನ್ನ ಜೀವಕ್ಕೆ ಸಮಾಧಾನವಾಯಿತು. ಅಡುಗೆಗೆ ಹೆಸರಿಡುವಷ್ಟು ಚೈತನ್ಯ ಬಂದಿದೆ ಎಂದರೆ ನೀವು ಹುಷಾರಾಗುತ್ತಿದ್ದೀರಿ ಎಂದೇ ಅರ್ಥ. ಏಳು ತಲೆಮಾರಿನಿಂದ ಬೆಳ್ಳುಳ್ಳಿ ಮುಟ್ಟದ ಮನೆತನದವರು ನೀವು. ಹೋಗಿ ಹೋಗಿ ಬೆಳ್ಳುಳ್ಳಿ ಬೆಳೆಗೇ ಹೆಸರಾದ ಆ ಗಿಲ್‌ರಾಯ್ ಪಕ್ಕದಲ್ಲೇ ಸೇರಿಕೊಂಡಿದ್ದೀರಿ. ಗಾಳಿಯಲ್ಲೂ ಬೆಳ್ಳುಳ್ಳಿ ವಾಸನೆ ಎಂದಿರಿ. ನಿಮ್ಮನ್ನೆಲ್ಲ ವ್ಯಾನಿನಲ್ಲಿ ಊರೊಳಗಿನ ಬೆಳ್ಳುಳ್ಳಿ ಅಂಗಡಿಗೆ ಕರೆದುಕೊಂಡು ಹೋಗಿದ್ದರು ಎಂದು ಶುರುಮಾಡಿ, ಯಾಕೋ ಥಟ್ಟನೆ ಮಾತು ಬದಲಿಸಿದಿರಿ. ಕೇಳೋಣವೆಂದರೆ ಅಷ್ಟರಲ್ಲಿ ನಿಮ್ಮ ಫೋನಿನ ಸಮಯ ಮುಗಿಯಿತು. ಅಲ್ಲಿಯವರು ವಾರಕ್ಕೊಮ್ಮೆ ಕೊಡುವ ಆ ಫೋನು ಹೆಂಡತಿ ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸಾಲದು. ಅದಕ್ಕೇ ಈ ಕಾಗದ. ಪೂರ್ತಿ ಓದಬೇಕು. ನಡುವೆ ಎದ್ದು ಹೋಗಕೂಡದು.

ಊಟದ ವಿಷಯಕ್ಕೆ ಬರುತ್ತೇನೆ. ಇಪ್ಪತ್ತಮೂರಕ್ಕೆ, ಶುಕ್ರವಾರ, ನೀವು ಮನೆಗೆ ಬರುತ್ತೀರಿ. ಮರುದಿನವೇ ನಮ್ಮ ನಾಲ್ಕು ಮನೆಯವರ ವರ್ಷದ ಊಟ. ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಕುಕ್ಕರು ಇನ್ನೊಬ್ಬರಿಗೆ ಕೂಗಿ ಬದುಕಿದವರು ನಾವು. ಈಗ ಅಜಯ್ ಮತ್ತು ಊರ್ಮಿಳಾ ಸ್ಯಾನ್ ಮಟಿಯೋದಲ್ಲಿ, ದ್ವಾರಕಾನಾಥ ಮತ್ತು ಹರಿಪ್ರಿಯಾ ಅಗ್ಗದ ಮನೆ ಹುಡುಕಿಕೊಂಡು ಗಿಲ್‌ರಾಯಲ್ಲಿ, ಖಾಸಿಂ ಮತ್ತು ಫಖರುನ್ನಿಸಾ ಮಾತ್ರ ಇಂದಿಗೂ ನಮ್ಮ ಪಕ್ಕದ ಮನೆಯಲ್ಲಿ. ಹೋಟೆಲು ಆರಿಸುವ ಸರದಿ ಈ ವರ್ಷ ನಮ್ಮದು. “ನಾನು ಬರಲ್ಲ ಕಣೇ, ನೀವು ಹೋಗಿ ಬನ್ನಿ” ಎಂದು ನೀವು ಅಲ್ಲಿಗೆ ಹೋಗುವ ಮೊದಲೇ ಹೇಳಿಬಿಟ್ಟಿದ್ದಿರಿ. ನಾನು ಒಪ್ಪಿರಲಿಲ್ಲ, ಈಗಲೂ ಒಪ್ಪಿಲ್ಲ. ಈ ವರ್ಷ ತಪ್ಪಿಸಿಕೊಂಡರೆ ಮುಂದಿನ ವರ್ಷವೂ ತಪ್ಪಿಸಿಕೊಳ್ಳುತ್ತೀರಿ. ಆಮೇಲೆ ಕುಡಿತವೂ ಇಲ್ಲ, ಸ್ನೇಹಿತರೂ ಇಲ್ಲ ಎಂದು ಸೋಫಾದ ಮೂಲೆಯಲ್ಲಿ ಒಬ್ಬರೇ ಕೂತು ಯೋಚನೆ ಮಾಡುತ್ತೀರಿ. ಆ ಯೋಚನೆ ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಆದ್ದರಿಂದ ನಾನು ನಿರ್ಧಾರ ಮಾಡಿದೆ. ಊಟ ನಡೆಯಬೇಕು, ನೀವು ಅಲ್ಲಿರಬೇಕು, ಮೇಜಿನ ಮೇಲೆ ಬಾಟಲಿ ಇರಬಾರದು.

ಕಾರಣ ಹೇಳದೆ ಇದನ್ನು ಮಾಡುವುದು ಹೇಗೆ, ಅದೇ ತಲೆನೋವು. ಎಲ್ಲರ ಲೆಕ್ಕದಲ್ಲಿ ನೀವು ಮೈಸೂರಿನಲ್ಲಿದ್ದೀರಿ, ನಿಮ್ಮ ಅಕ್ಕನ ಮೊಣಕಾಲಿನ ಆಪರೇಷನ್ನಿಗೆ ಹೋಗಿದ್ದೀರಿ. ನಿಮ್ಮನ್ನು ಆ ಕುಡಿತ ಬಿಡಿಸುವ ಕೇಂದ್ರಕ್ಕೆ ಬಿಟ್ಟುಬಂದ ಖಾಸಿಂ ದಂಪತಿಯನ್ನು ಬಿಟ್ಟರೆ ಹೊರಗಿನವರಿಗೆ ಯಾರಿಗೂ ನಿಜ ತಿಳಿಯದು. ಈ ಸುಳ್ಳನ್ನು ಸಾಕುವುದು ಎಂಥ ಕಷ್ಟ ಅಂತೀರಿ! ಊರ್ಮಿಳಾ ವಾರಕ್ಕೆರಡು ಸಲ ಅಕ್ಕನ ಕಾಲು ಹೇಗಿದೆ ಎಂದು ಕೇಳುತ್ತಾಳೆ. ನಾನು ಒಮ್ಮೆ ಎಡಗಾಲು ಎಂದೆ, ಇನ್ನೊಮ್ಮೆ ಬಲಗಾಲು ಎಂದೆ. “ಅಯ್ಯೋ ಪಾಪ, ಎರಡೂನಾ?” ಎಂದಳು. ಹೂಂ ಎಂದೆ. ಬರುವಾಗ ಗಂಧದ ಸೋಪು ತರಲಿ ಎಂದು ಬೇರೆ ಹೇಳಿದ್ದಾಳೆ, ಮೈಸೂರಿನದ್ದೇ ಆಗಬೇಕಂತೆ. ನಾನು ಇಲ್ಲೇ ಇಂಡಿಯನ್ ಗ್ರೋಸರಿಯಲ್ಲಿ ಒಂದು ಡಬ್ಬ ತೆಗೆದುಕೊಂಡು, ಡಾಲರಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆಯುತ್ತ ಅಡುಗೆಮನೆಯಲ್ಲಿ ಕೂತಿದ್ದೆ. ಗಾರ್ಗಿ ನೋಡಿ, “ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?” ಎಂದಳು. ಹದಿನಾರು ವರ್ಷದ ಮಗಳಿಗೆ ಏನು ಉತ್ತರ ಕೊಡಲಿ? ಮೈಸೂರಿನ ಕೆಲಸ ಎಂದೆ.

ಇರಲಿ. ಹೋಟೆಲು ಹುಡುಕಿದೆ. ದ್ವಾರಕಾನಾಥರಿಗೆ ಈರುಳ್ಳಿ ಬೆಳ್ಳುಳ್ಳಿ ಆಗದು. ಗಿಲ್‌ರಾಯಲ್ಲಿ ಮನೆ ಮಾಡಿಯೂ ಆಗದು. ಖಾಸಿಂ ಮನೆಯವರು ಹಲಾಲ್ ಅಲ್ಲದಿದ್ದರೆ ತರಕಾರಿ ಮಾತ್ರ ತಿನ್ನುತ್ತಾರೆ. ಅಜಯನಿಗೆ ಖಾರ ಇಲ್ಲದಿದ್ದರೆ ಅದು ಊಟವೇ ಅಲ್ಲ. ಎಲ್ಲರಿಗೂ ಡ್ರೈವು ಸಮನಾಗಬೇಕು. ಕಡೆಗೆ ಸ್ಯಾನ್ ಹೋಸೆಯಲ್ಲಿ, ಒಂದು ಲಾಂಡ್ರಿ ಅಂಗಡಿಯ ಪಕ್ಕ, ಇಥಿಯೋಪಿಯಾದವರ ಪುಟ್ಟ ಹೋಟೆಲು ಸಿಕ್ಕಿತು. ಹುಳಿ ಬಂದ ದೊಡ್ಡ ದೋಸೆ, ಅದರ ಮೇಲೆ ಬೇಳೆ, ಸೊಪ್ಪು, ಕೋಸು. ಅವರಲ್ಲಿ ಎಲ್ಲರೂ ಒಂದೇ ತಟ್ಟೆಯಲ್ಲಿ ಕೈಹಾಕಿ ತಿನ್ನುತ್ತಾರಂತೆ. ಒಂದಿಷ್ಟು ಈರುಳ್ಳಿ ಬೆಳ್ಳುಳ್ಳಿ ಹಾಕದೆ ಮಾಡಿ, ನಮ್ಮವರಿಗೆ ಬೇರೆ ಬೇರೆ ತಟ್ಟೆ ಕೊಡಿ, ಎಂಜಲಾಗುತ್ತದೆ ಎಂದು ಫೋನಿನಲ್ಲಿ ವಿವರಿಸುವಷ್ಟರಲ್ಲಿ ನನಗೆ ಬೆವರು ಬಂತು. ಕೊನೆಗೆ ನಿಜವಾದ ಪ್ರಶ್ನೆ ಕೇಳಿದೆ, ನಿಮ್ಮಲ್ಲಿ ವೈನು, ಬಿಯರು ಇದೆಯೆ? ಇಲ್ಲಮ್ಮ, ನಮಗೆ ಲೈಸೆನ್ಸೇ ಇಲ್ಲ ಎಂದರು ಆ ಹೋಟೆಲಿನಾಕೆ. ಅಬ್ಬ, ರಾಯರೇ ದಾರಿ ತೋರಿಸಿದರು ಎಂದುಕೊಂಡು, ಅವರ ಮಾತು ಮುಗಿಯುವ ಮೊದಲೇ ಹದಿಮೂರು ಜನಕ್ಕೆ ಜಾಗ ಹಿಡಿದುಬಿಟ್ಟೆ. ನಮ್ಮ ನಾಲ್ಕು ಮನೆಯವರ ವಾಟ್ಸಾಪ್ ಗ್ರೂಪಿನಲ್ಲೂ ಹೆಮ್ಮೆಯಿಂದ ಹಾಕಿದೆ.

ಹಾಕಿದ್ದೇ ತಡ, ಅಜಯ್ ಕುಣಿದಾಡಿಬಿಟ್ಟ. “ಅತ್ತಿಗೆ, ಸೂಪರ್ ಸೆಲೆಕ್ಷನ್! ಬ್ರಿಂಗ್ ಯುವರ್ ಓನ್ ಬಾಟಲ್ ಜಾಗ ಇದು. ಕಾರ್ಕು ತೆಗೆಯೋಕೂ ಚಾರ್ಜ್ ಇಲ್ಲ. ನಾನು ನಾಪಾದಿಂದ ತಂದ ಎರಡು ಕೆಂಪು ವೈನು, ಮೈಸೂರಿಂದ ಬರೋ ಅಚ್ಯುತಂಗೆ ಅವನ ಸ್ಕಾಚು, ವೆಲ್‌ಕಮ್ ಹೋಮ್!” ಮತ್ತೆ ಹೋಟೆಲಿಗೆ ಫೋನು ಮಾಡಿ ಕೇಳಿದೆ. ಹೋಟೆಲಿನವರು ಮಾರುವುದಿಲ್ಲ, ಅಷ್ಟೇ. ತಂತಮ್ಮ ಬಾಟಲಿ ತಾವೇ ತಂದು ಕುಡಿಯಬಹುದಂತೆ. ಬೇರೆ ಕಡೆಯಾದರೆ ಒಂದೊಂದು ಗ್ಲಾಸಿನ ದರ ನೋಡಿ ಅಜಯನೂ ಕೈ ಬಿಗಿಹಿಡಿಯುತ್ತಿದ್ದ. ಇಲ್ಲಿ ಬಾಟಲಿಗೆ ಬಾಟಲಿಯೇ ನಿಮ್ಮ ಮೂಗಿನ ಕೆಳಗೆ. ಹಗಲು ಕಂಡ ಬಾವಿಗೆ ನಾನೇ ನಿಮ್ಮನ್ನು ಕೈಹಿಡಿದು ಕರೆದೊಯ್ದ ಹಾಗಾಗಿತ್ತು. ಅಜಯನ ಮೆಸೇಜು ಓದಿ ಗಾರ್ಗಿ ನಗಲಿಲ್ಲ. ಹೋದ ವರ್ಷ ಸ್ಯಾನ್ ಮಟಿಯೋದ ಊಟ ಮುಗಿಸಿ ಬರುವಾಗ, ಸೇತುವೆಯ ಮೇಲೆ ನೀವು ಲೇನು ಬಿಟ್ಟು ಜಾರಿದಾಗ, ಹಿಂದಿನ ಸೀಟಿನಲ್ಲಿ ಕೂತು ಕಿರುಚಿದವಳು ಅವಳು. ಇವತ್ತಿಗೂ ನೀವು ಓಡಿಸುವ ಕಾರಿಗೆ ಹತ್ತಿಲ್ಲ. ನಿಮ್ಮನ್ನು ಚುಚ್ಚಲು ಬರೆಯುತ್ತಿಲ್ಲ. ನಾನು ಯಾಕೆ ಹಟ ಹಿಡಿದೆ ಎಂದು ನಿಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಫಖರುನ್ನಿಸಾ ಒಂದು ಬಟ್ಟಲು ಶ್ಯಾವಿಗೆ ಪಾಯಸ ಹಿಡಿದುಕೊಂಡು ಬಂದವರು ನನ್ನ ಮುಖ ನೋಡಿ ಕೂತೇಬಿಟ್ಟರು. ಎಲ್ಲ ಹೇಳಿದೆ. ಆಕೆ ಎಷ್ಟು ಸಲೀಸಾಗಿ ಹೇಳಿದರು ಗೊತ್ತೆ? “ನಮ್ಮ ಹೆಸರು ಹೇಳ್ರೀ ಪದ್ಮಜಾ. ಬಾಟ್ಲಿ ಇಟ್ಟಲ್ಲಿ ಇವರು ಕೂಡಂಗಿಲ್ಲ ಅಂತ ಅಂದ್ಬಿಡ್ರಿ. ಕೆಟ್ಟ ಅನಿಸ್ಕೊಳ್ಳೋದು ನಮಗೇನು ಹೊಸಾದಲ್ಲ.” ಬೇಡ ಎಂದೆ. ಇಷ್ಟು ವರ್ಷ ಅದೇ ಮೇಜಿನ ಆ ತುದಿಯಲ್ಲಿ ಕೂತು, ನೀವುಗಳು ಕುಡಿದು ಹಾಡುತ್ತಿದ್ದರೆ ನಿಂಬೆಹಣ್ಣಿನ ಶರಬತ್ತು ಹಿಡಿದು ನಕ್ಕವರು ಅವರು. ಒಂದು ದಿನ ಒಂದು ಮಾತು ಆಡಿದವರಲ್ಲ. ಬೇಡ ಎಂದರೂ ಕೇಳದೆ ಆಕೆ ಮನೆಗೆ ಹೋಗಿ ತಾನೇ ಗ್ರೂಪಿನಲ್ಲಿ ಬರೆದುಬಿಟ್ಟರು. ಈ ಸಲ ನಮ್ಮ ಸಲುವಾಗಿ ಬಾಟ್ಲಿ ಬ್ಯಾಡ್ರಿ ಅಂತ. ವಿಜಯಪುರದವರ ಹಟ, ಏನು ಮಾಡುತ್ತೀರಿ.

ನಿನ್ನೆ ಸಂಜೆ ಎಲ್ಲರೂ ವಿಡಿಯೋ ಕಾಲಿಗೆ ಬಂದರು. ಖಾಸಿಂ ತಲೆ ತಗ್ಗಿಸಿ ಕೂತಿದ್ದರು. ಅಜಯ್ ಮೊದಲು ತಮಾಷೆಯಾಗಿಯೇ ಶುರುಮಾಡಿದ. ಇಷ್ಟು ವರ್ಷ ಇಲ್ಲದ್ದು ಈಗೇನು ಖಾಸಿಂ ಭಾಯಿ ಎಂದ. ಆಮೇಲೆ ಅವನ ಮಾತು ಗಡುಸಾಯಿತು. ಒಬ್ಬರ ರೂಲಿಗೆ ಎಲ್ಲರೂ ಯಾಕೆ ಬಗ್ಗಬೇಕು, ಬೇಕಾದರೆ ಅವರಿಗೆ ಬೇರೆ ಟೇಬಲ್ ಹಾಕಿಸೋಣ ಎಂದ. ಬೇರೆ ಟೇಬಲ್! ಅವನಿಗೆ ಕೆಲಸ ಹೋದಾಗ ಮೂರು ತಿಂಗಳು ಅವನ ಮಗುವನ್ನು ಡೇಕೇರಿನಿಂದ ಕರೆತಂದು ಅನ್ನ ಹಾಕಿದ ಕೈ ಫಖರುನ್ನಿಸಾರದ್ದು. ಆಕೆ ಆ ಮಾತು ಕೇಳಿಯೂ ನನ್ನ ಗುಟ್ಟು ಕಾಯಲು ಸುಮ್ಮನೆ ಕೂತಿದ್ದರು. ನನ್ನ ಮೈ ಉರಿದುಹೋಯಿತು. ನಾನು ನಾಲ್ಕು ಮಾತು ಹೇಳಿದೆ. ಬೇರೆ ಟೇಬಲಿನ ಮಾತು ಅಲ್ಲಿಗೆ ನಿಂತಿತು. ಆ ನಾಲ್ಕು ಮಾತು ಏನು ಎಂದು ಈಗಲೇ ಕೇಳಬೇಡಿ.

ತೀರ್ಮಾನ ಇಷ್ಟು. ಅದೇ ಹೋಟೆಲು, ಅದೇ ಶನಿವಾರ, ಒಂದೇ ಟೇಬಲ್ಲು. ಗಾರ್ಗಿ ಒಂದು ಉಪಾಯ ಹೇಳಿದಳು. ಅವಳು ಪೂರ್ತಿ ಕನ್ನಡದಲ್ಲಿ ಹೇಳಿದ್ದು ಅಪರೂಪ, ಅದಕ್ಕೆ ಹಾಗೇ ಬರೆಯುತ್ತೇನೆ. “ಬಾಟಲಿ ತರಬೇಕು ಅಂದ್ರೆ ತನ್ನಿ. ಆದ್ರೆ ಮನೇಲಿ ಮಾಡಿದ್ದು ತನ್ನಿ.” ಹರಿಪ್ರಿಯಾ ಪುನರ್ಪುಳಿ ಶರಬತ್ತು ತರುತ್ತಾರೆ. ಫಖರುನ್ನಿಸಾರದ್ದು ಗುಲಾಬಿ. ಊರ್ಮಿಳಾ ಪಾನಕ ಮಾಡುತ್ತಾಳಂತೆ, ಬೆಲ್ಲ ಎಷ್ಟು ಹಾಕಬೇಕು ಎಂದು ಆಗಲೇ ಕೇಳಿದ್ದಾಳೆ. ನಮ್ಮನೆಯದು ಮಜ್ಜಿಗೆ. ಅದನ್ನು ನೀವೇ ಕಡೆಯಬೇಕು. ಶುಂಠಿ ಜಜ್ಜಿ, ಇಂಗಿನ ಒಗ್ಗರಣೆ ಕೊಟ್ಟು ನೀವು ಮಾಡುವ ಮಜ್ಜಿಗೆ ನನ್ನ ಕೈಯಲ್ಲಿ ಈ ಜನ್ಮಕ್ಕೆ ಬರುವುದಿಲ್ಲ. ಶುಕ್ರವಾರ ಬಂದ ಕೂಡಲೇ ಹಾಲಿಗೆ ಹೆಪ್ಪು ಹಾಕಿಡುತ್ತೇನೆ. ಹೋಟೆಲಿನಾಕೆಗೂ ಫೋನು ಮಾಡಿ ಹೇಳಿದೆ. ನಮ್ಮ ಖಾರಕ್ಕೆ ಮಜ್ಜಿಗೆಯೇ ಸರಿ, ನನಗೂ ಒಂದು ಲೋಟ ಇಡಿ ಎಂದು ನಕ್ಕರು.

ಗಾರ್ಗಿ ನಿಮಗೆ ನಮಸ್ಕಾರ ಹೇಳಿದ್ದಾಳೆ. ಹಾಗೆಂದು ಬರೆಯುತ್ತಿದ್ದೇನೆ, ಅವಳು ಹೇಳಿದ್ದು “ಟೆಲ್ ಅಪ್ಪಾ ಹಾಯ್” ಅಂತ. ಖಾಸಿಂ ಮನೆಯವರು ಸಲಾಂ ಹೇಳಿದ್ದಾರೆ. ಗೋಂದಾದರೂ ಸರಿ, ಬೆಳಗಿನ ತಿಂಡಿ ಬಿಡಬೇಡಿ. ರಾಯರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ದಾರಿ ಕಾಯುತ್ತಿರುವ,
ಪದ್ಮಜಾ

ತಾ. ಕ.: ಫಖರುನ್ನಿಸಾ ಪೋಸ್ಟಾಫೀಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆ ನಾಲ್ಕು ಮಾತು ಇವು. “ಖಾಸಿಂ ಮನೆಯವರದ್ದು ಏನೂ ಇಲ್ಲ. ನಮ್ಮನೆಯವರು ಮೈಸೂರಲ್ಲಿಲ್ಲ. ಕುಡಿತ ಬಿಡೋಕೆ ಗಿಲ್‌ರಾಯ್ ಹತ್ತಿರ ಒಂದು ಕಡೆ ಸೇರಿದ್ದಾರೆ. ಅವರೆದುರು ಬಾಟಲಿ ಇಡೋದಾದ್ರೆ ಬೇರೆ ಟೇಬಲ್ ನಮಗೆ ಹಾಕಿಸಿ.” ಯಾರಿಗೂ ಹೇಳಬೇಡ ಎಂದು ಕೈಹಿಡಿದು ಕೇಳಿಕೊಂಡಿದ್ದಿರಿ. ಮಾತು ಕೊಟ್ಟಿದ್ದೆ, ಮುರಿದೆ. ಎಷ್ಟು ಬೇಕಾದರೂ ಬೈಯಿರಿ, ಆದರೆ ಊಟಕ್ಕೆ ಬನ್ನಿ. ಆಗ ಅಜಯ್, “ಹೋದ್ ವರ್ಷ ಅವನು ಸಾಕು ಅಂದ್ರೂ ಸುರಿದೋನು ನಾನೇ ಅತ್ತಿಗೆ” ಎಂದ. ಇವತ್ತು ಬೆಳಿಗ್ಗೆ ಆಫೀಸು ಬಿಟ್ಟು ಸೇತುವೆ ದಾಟಿ ಬಂದು, ಮೊದಲು ಖಾಸಿಂ ಮನೆಯ ಬಾಗಿಲು ತಟ್ಟಿದ. ಅವನ ಕೈಯಲ್ಲೇ ಊರ್ಮಿಳಾಗೆ ಸೋಪು ಕೊಟ್ಟು ಕಳಿಸಿದೆ, ಫ್ರೀಮಾಂಟಿನದ್ದು ಎಂದು ಹೇಳಿಯೇ ಕೊಟ್ಟೆ.

ಇನ್ನೊಂದು. ದ್ವಾರಕಾನಾಥರು ಕಾಲ್ ಮುಗಿದ ಮೇಲೆ ನನಗೊಬ್ಬಳಿಗೇ ಫೋನು ಮಾಡಿದರು. “ನಂಗೆ ಮೊದಲೇ ಗೊತ್ತಿತ್ತಮ್ಮ. ಹಣ್ಣು ತರೋಕೆ ಹೋದಾಗ ನಮ್ಮೂರ ಬೆಳ್ಳುಳ್ಳಿ ಅಂಗಡಿ ಮುಂದೆ ಆ ಕುಡಿತ ಬಿಡಿಸೋರ ವ್ಯಾನು ನಿಂತಿತ್ತು, ಒಳಗೆ ಅವನನ್ನ ನೋಡ್ದೆ. ನನ್ನ ಕಂಡು ಕಪಾಟಿನ ಹಿಂದಕ್ಕೆ ಸರಿದ. ಅವನಿಗೆ ಮುಜುಗರ ಆಗಬಾರದು ಅಂತ ನಾನೂ ಕಾಣದೋನ ಹಾಗೆ ಬಂದ್ಬಿಟ್ಟೆ. ಮನೆಗೆ ಬಂದು ಊಟ ಸೇರಲಿಲ್ಲ” ಎಂದು ಅತ್ತುಬಿಟ್ಟರು. ನಿಮಗಿಂತ ಹತ್ತು ವರ್ಷ ಹಿರಿಯರು, ಅವರು ಅತ್ತದ್ದನ್ನು ನಾನು ಕೇಳಿದ್ದು ಇದೇ ಮೊದಲು. ಅವರ ಮನೆಯಿಂದ ನಿಮ್ಮಲ್ಲಿಗೆ ಹತ್ತು ನಿಮಿಷದ ದಾರಿ. ಈ ಭಾನುವಾರ ನೋಡಲು ಬರಲೇ ಎಂದು ಕೇಳಿದರು. ನಿಮ್ಮನ್ನು ಕೇಳದೆ ಬನ್ನಿ ಎಂದಿದ್ದೇನೆ. ಈ ಸಲ ಅಡಗಿಕೊಳ್ಳಬೇಡಿ.