ಸಮೋಸಾ ಲೈನಿನ ಮೂವತ್ತೊಂದು ಹೆಸರು

ಬೋಲಿಂಗ್‌ಬ್ರೂಕ್
ಫೆಬ್ರವರಿ ೨೬, ಗುರುವಾರ ಬೆಳಿಗ್ಗೆ

ರೀ,

ಹೇಗಿದ್ದೀರಿ? ಮೈಸೂರಿನಲ್ಲಿ ಆಗಲೇ ಬಿಸಿಲು ಜೋರಾಗಿದೆಯಂತೆ, ಬೀಪಿ ಮಾತ್ರೆ ತಪ್ಪಿಸಬೇಡಿ. ಅತ್ತೆಯವರ ಮಂಡಿ ನೋವು ಹೇಗಿದೆ? ಸಾಕೇತ್ ಆರೋಗ್ಯವಾಗಿದ್ದಾನೆ. ಡ್ಯಾಡ್ ಯಾವಾಗ ಬರ್ತಾರೆ ಎಂದು ದಿನವೂ ಕೇಳುತ್ತಿದ್ದವನು ಈಗ ಕೇಳುವುದನ್ನು ಬಿಟ್ಟಿದ್ದಾನೆ, ಅದೇ ನನಗೆ ಸಂಕಟ. ಮಾವನವರ ವರ್ಷಾಬ್ದಿಕಕ್ಕೆ ಮೂರು ವಾರವೆಂದು ಹೋದಿರಿ. ವೀಸಾ ಸ್ಟ್ಯಾಂಪಿಂಗ್ ಮುಂದಕ್ಕೆ ಹೋಗಿ ಮೂರು ತಿಂಗಳಾಯಿತು. ಮಾರ್ಚ್ ಹದಿನೇಳರ ಇಂಟರ್ವ್ಯೂ ಆದರೂ ನೆಟ್ಟಗೆ ನಡೆಯಲೆಂದು ಬೆಳಿಗ್ಗೆ ಸಂಜೆ ಬೇಡಿಕೊಳ್ಳುತ್ತಿದ್ದೇನೆ. ಇಂಥದ್ದನ್ನೆಲ್ಲ ಫೋನಿನಲ್ಲಿ ಬರೆಯಬೇಡ ಎಂದು ನೀವೇ ಹೇಳಿದ್ದಿರಿ. ನಾಳೆ ಮನೋಹರ್ ಬೆಂಗಳೂರಿಗೆ ಹೊರಡುತ್ತಾರೆ, ಸಂಜೆ ಬಂದು ಕಾಗದ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಹನ್ನೊಂದಕ್ಕೆ ನಾನು ಶಿಫ್ಟಿಗೆ ಹೊರಡಬೇಕು. ಅಷ್ಟರಲ್ಲಿ ಎಲ್ಲ ಬರೆದುಬಿಡುತ್ತೇನೆ.

ನಮ್ಮ ಪ್ಲಾಂಟಿನ ಒಫೀಲಿಯಾ ನಿಮಗೆ ಗೊತ್ತಲ್ಲ. ಮೈನಸ್ ಎಂಟು ಡಿಗ್ರಿ ಚಳಿಯಲ್ಲಿ ಮನೆ ಬಿಸಿ ಮಾಡುವ ನಮ್ಮ ಫರ್ನೇಸ್ ಕೆಟ್ಟಾಗ, ರಿಪೇರಿ ಕಂಪನಿಯವರು ಎರಡು ದಿನ ಆಗುತ್ತದೆ ಎಂದಿದ್ದರು. ಅವಳು ಯಾರಿಗೋ ಒಂದು ಫೋನ್ ಮಾಡಿದಳು, ಅವನು ಇನ್ನೊಬ್ಬನಿಗೆ ಮಾಡಿದ, ಒಂದು ಗಂಟೆಯೊಳಗೆ ಇಬ್ಬರು ಬಂದು ರಿಪೇರಿ ಮಾಡಿ ಹೋದರು. ಅವಳಿಗೆ ಇವರು ಏನಾಗಬೇಕು ಎಂದು ನೀವು ಕೇಳಿದ್ದಿರಿ. ತಂಗಿಯ ಗಂಡನ ಊರಿನವರು, ಅಷ್ಟೇ. ಎಲ್ಕ್ ಗ್ರೋವಿನ ನಮ್ಮ ಪ್ಲಾಂಟಿನಲ್ಲಿ ಸಮೋಸಾ ಮಡಿಸುವ ಆ ಲೈನ್ ತುಂಬಿದ್ದೂ ಹೀಗೆಯೇ. ಹದಿನಾಲ್ಕು ವರ್ಷದ ಹಿಂದೆ ಅವಳೊಬ್ಬಳು ಬಂದಳು. ಆಮೇಲೆ ತಂಗಿ, ತಂಗಿಯ ನಾದಿನಿ, ಮೆಕ್ಸಿಕೋದ ಅದೇ ಊರಿನ ಅಕ್ಕಪಕ್ಕದ ಮನೆಯವರು. ಹೊಸಬಳು ಬಂದ ದಿನ ಅವಳಿಗೆ ಇರಲು ಕೋಣೆ, ಹಾಕಲು ಸ್ನೋ ಬೂಟು, ಮಗುವನ್ನು ನೋಡಿಕೊಳ್ಳುವ ಅಜ್ಜಿ, ಎಲ್ಲ ಆಗಲೇ ಸಿದ್ಧವಾಗಿರುತ್ತಿತ್ತು. ನಮ್ಮ ಕನ್ನಡ ಕೂಟದಲ್ಲಿ ಯುಗಾದಿ ಊಟಕ್ಕೆ ಬಡಿಸುವವರು ಸಿಗುವುದಿಲ್ಲ. ಇವರು ನಮ್ಮ ಸಮೋಸಾವನ್ನು ನಮಗಿಂತ ಚೆನ್ನಾಗಿ ಮಡಿಸುತ್ತಾರೆ, ಒಂದು ಮೂಲೆಯೂ ಬಿಚ್ಚುವುದಿಲ್ಲ. ಕಾಗದಪತ್ರ ಮಾತ್ರ ಯಾರಲ್ಲೂ ಸರಿಯಿಲ್ಲ. ಒಫೀಲಿಯಾಳ ಬ್ಯಾಡ್ಜಿನಲ್ಲಿ ಇರುವುದು ಡಯಾನಾ ಎಂಬ ಹೆಸರು. ಲೈನಿನಲ್ಲಿ ಡಯಾನಾ ಎಂದು ಕೂಗಿದರೆ ಅವಳು ತಿರುಗಿ ನೋಡುವುದು ಒಂದು ಕ್ಷಣ ತಡ. ಅದನ್ನು ನಾವೆಲ್ಲ ನೋಡಿಯೂ ನೋಡದಂತೆ ಇದ್ದೆವು.

ಹೋದ ಗುರುವಾರ ಮ್ಯಾನೇಜರ್ ರಾಜಶೇಖರ್ ನನ್ನನ್ನು ಆಫೀಸಿಗೆ ಕರೆದರು. "ಸೋಮವಾರ ಇಮಿಗ್ರೇಶನ್‌ನವರು ಪೇಪರ್ಸ್ ಚೆಕ್ ಮಾಡೋಕೆ ಬರ್ತಾರೆ ಕೌಸಲ್ಯಾ. ಸೋಶಿಯಲ್ ಸೆಕ್ಯುರಿಟಿ ನಂಬರ್ ಮ್ಯಾಚ್ ಆಗದೇ ಇರೋರ ಲಿಸ್ಟ್ ಮಾಡಿಕೊಡಿ. ಯಾರ ಹತ್ರಾನೂ ಬಾಯಿ ಬಿಡಬೇಡಿ, ಶನಿವಾರದ ಓವರ್‌ಟೈಮ್ ಮುಗೀಲಿ" ಎಂದರು. ಇವರನ್ನು ಮನೆಗೆ ಕಳಿಸಬೇಕೆಂದು ಅವರಿಗೂ ಗೊತ್ತಿತ್ತು. ಆದರೆ ಅದಕ್ಕೆ ಮೊದಲು ದೊಡ್ಡ ಆರ್ಡರ್ ಟ್ರಕ್ಕಿಗೆ ಏರಬೇಕಿತ್ತು. ನಾನು ಲಿಸ್ಟ್ ಮಾಡಿದೆ ರೀ. ಮೂವತ್ತೊಂದು ಹೆಸರು ಟೈಪ್ ಮಾಡಿದೆ. ಒಂದೊಂದು ಹೆಸರಿನ ಹಿಂದೆಯೂ ಬೇರೊಂದು ಮುಖ ಕಾಣುತ್ತಿತ್ತು. ನಾನೂ ನಿಮ್ಮ ವೀಸಾ ಹಿಡಿದುಕೊಂಡು ಇಲ್ಲಿ ಕೆಲಸ ಮಾಡುವವಳು, ನಿಮ್ಮದು ಹೋದರೆ ನನ್ನದೂ ಹೋಯಿತು. ಸುಮ್ಮನಿರು, ಸುಮ್ಮನಿರು ಎಂದು ಶುಕ್ರವಾರ ಮಧ್ಯಾಹ್ನದವರೆಗೂ ನನಗೆ ನಾನೇ ಹೇಳಿಕೊಂಡೆ. ಊಟದ ಹೊತ್ತಿನಲ್ಲಿ ಒಫೀಲಿಯಾ ತನ್ನ ಡಬ್ಬಿಯಿಂದ ಎಂದಿನಂತೆ ನನಗೊಂದು ಪಾಲು ತೆಗೆದಿಟ್ಟಳು. ಮಾಂಸ ಹಾಕಿಲ್ಲ ಎಂದು ಕೈಸನ್ನೆ ಮಾಡಿ ತೋರಿಸಿದಳು. ನನ್ನಿಂದ ತಡೆಯಲಾಗಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ, ನಲ್ಲಿ ಬಿಟ್ಟು, ಎಲ್ಲ ಹೇಳಿಬಿಟ್ಟೆ.

ಅವಳು ಅಳಲಿಲ್ಲ. "ಓಕೆ, ಮಿಸ್ ಕೌಸಿ" ಎಂದಳು, ಅಷ್ಟೇ. ಮುಖ ತೊಳೆದುಕೊಂಡು ಹೋಗಿ ಶಿಫ್ಟ್ ಮುಗಿಯುವವರೆಗೂ ಸಮೋಸಾ ಮಡಿಸಿದಳು. ಸಂಜೆ ಪಾರ್ಕಿಂಗ್ ಲಾಟಿನಲ್ಲಿ, ಇವರನ್ನೆಲ್ಲ ದಿನವೂ ಕರೆತರುವ ಕಂಪನಿಯ ವ್ಯಾನಿನ ಡ್ರೈವರ್ ಹೆಕ್ಟರನ ಹತ್ತಿರ ಎರಡು ಮಾತಾಡಿದಳು. ಶನಿವಾರ ಬೆಳಿಗ್ಗೆ ಲೈನಿನಲ್ಲಿ ಒಬ್ಬರೂ ಇರಲಿಲ್ಲ. ಕಲಸಿದ ಹಿಟ್ಟು ಒಣಗಿ ಹೋಯಿತು. ಸೋಮವಾರ ಬಂದವರು ಲಿಸ್ಟ್ ತೆಗೆದುಕೊಂಡು ಹೋದರು, ಜನ ಸಿಗಲಿಲ್ಲ. ಕೆಲವರು ಜೋಲಿಯೆಟ್ ಕಡೆಯ ಗಿಡಗಳ ನರ್ಸರಿಗೆ ಸೇರಿದ್ದಾರಂತೆ, ಕೆಲವರು ಹೋಟೆಲುಗಳ ಅಡುಗೆಮನೆಗೆ. ಒಫೀಲಿಯಾ ಮಗಳನ್ನು ಕರೆದುಕೊಂಡು ಡೆಟ್ರಾಯಿಟಿನಲ್ಲಿರುವ ಚಿಕ್ಕಪ್ಪನ ಮಗನ ಬೇಕರಿಗೆ ಹೋಗಿದ್ದಾಳೆ. ನಿನ್ನೆ ಫೋನ್ ಮಾಡಿದ್ದಳು. ಮಗಳು ಹೊಸ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳಂತೆ. ಹಿಂದಿನಿಂದ ಯಾರೋ ಅವಳನ್ನು ಒಫೀಲಿಯಾ ಎಂದೇ ಕೂಗುತ್ತಿದ್ದರು, ಅದನ್ನು ಕೇಳಿ ಸಮಾಧಾನವಾಯಿತು.

ಆದರೆ ಮಂಗಳವಾರ ಹೆಕ್ಟರನನ್ನು ಕೆಲಸದಿಂದ ತೆಗೆದರು. ಅವನು ವ್ಯಾನಿನ ಹತ್ತಿರ ಹೆಂಗಸರ ಜೊತೆ ಮಾತಾಡಿದ್ದು ಕ್ಯಾಮೆರಾದಲ್ಲಿತ್ತು. ಸುದ್ದಿ ಮುಟ್ಟಿಸಿದವನು ಅವನೇ ಎಂದು ತೀರ್ಮಾನಿಸಿದರು. ಅವನ ಕಾಗದ ಸರಿಯಿದೆ, ಗ್ರೀನ್ ಕಾರ್ಡ್ ಇದೆ, ಹತ್ತೊಂಬತ್ತು ವರ್ಷದ ಕೆಲಸ. ಅರವತ್ತು ಹತ್ತಿರ ಬಂದವನಿಗೆ ಇನ್ನು ಯಾರು ವ್ಯಾನ್ ಕೊಡುತ್ತಾರೆ? ಹೇಳಿದ್ದು ನಾನೆಂದು ಅವನಿಗೆ ಗೊತ್ತು. ರಾಜಶೇಖರ್ ಮೂರು ಸಲ ಕೇಳಿದರಂತೆ, ಅವನು ಬಾಯಿ ಬಿಡಲಿಲ್ಲ. ಹೋಗುವಾಗ ನನ್ನ ಟೇಬಲಿನ ಮುಂದೆಯೇ ಹೋದ. ಟೋಪಿ ತೆಗೆದು ತಲೆ ಬಾಗಿಸಿದ. ನಾನು ಕಂಪ್ಯೂಟರ್ ನೋಡುತ್ತ ಕೂತಿದ್ದೆ.

ಎರಡು ದಿನದಿಂದ ಇದೇ ಯೋಚನೆ. ರಾಜಶೇಖರ್‌ಗೆ ನಿಜ ಹೇಳಿದರೆ ನಿಮ್ಮ ಇಂಟರ್ವ್ಯೂಗೆ ಏನಾದರೂ ತೊಂದರೆಯಾಗುತ್ತದೋ ಎಂಬ ಭಯ. ಹೇಳದಿದ್ದರೆ ಆ ಟೋಪಿ ತೆಗೆದ ತಲೆ ಕಣ್ಣ ಮುಂದಿನಿಂದ ಹೋಗುವುದಿಲ್ಲ. ನೀವು ಇಲ್ಲಿದ್ದಿದ್ದರೆ ಏನು ಹೇಳುತ್ತಿದ್ದಿರಿ ಎಂದು ಯೋಚಿಸುತ್ತೇನೆ. ಬೈಯುತ್ತಿದ್ದಿರಿ, ಆಮೇಲೆ ಕಾರಿನ ಕೀ ತೆಗೆದುಕೊಂಡು ನನ್ನ ಜೊತೆ ಪ್ಲಾಂಟಿಗೆ ಬರುತ್ತಿದ್ದಿರಿ ಎನ್ನಿಸುತ್ತದೆ. ಹನ್ನೊಂದಾಗುತ್ತ ಬಂತು, ಹೊರಡುತ್ತೇನೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಈ ವಿಷಯ ಮಾತ್ರ ತಿಳಿಸಬೇಡಿ.

ನಿಮ್ಮ
ಕೌಸಲ್ಯಾ

ಸಂಜೆ, ಪ್ಲಾಂಟಿನಿಂದ ಬಂದ ಮೇಲೆ: ಮನೋಹರ್ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ಹೇಳಿಬಿಟ್ಟೆ. ರಾಜಶೇಖರ್ ಬಾಗಿಲು ಹಾಕಿ, "ಯಜಮಾನ್ರು ಅಲ್ಲಿ ಸಿಕ್ಕಾಕೊಂಡಿದಾರೆ, ಇಂಥ ಟೈಮಲ್ಲಿ ನಿಮಗ್ಯಾಕ್ರೀ ಬೇಕಿತ್ತು ಇದೆಲ್ಲ?" ಎಂದರು. ನನ್ನೆದುರಿಗೇ ಹೆಕ್ಟರನಿಗೆ ಫೋನ್ ಮಾಡಿಸಿದೆ, ಸೋಮವಾರದಿಂದ ಬಾ ಎಂದರು. ಆಮೇಲೆಯೇ ನನ್ನ ಬ್ಯಾಡ್ಜ್ ಕೊಟ್ಟು ಬಂದೆ. ಇಂಟರ್ವ್ಯೂ ಫೈಲಿನಲ್ಲಿ ನನ್ನ ಕಂಪನಿಯ ಲೆಟರ್ ಇಟ್ಟಿದ್ದೀರಲ್ಲ, ಅದನ್ನು ತೆಗೆದುಬಿಡಿ. ಹೆಂಡತಿ ಕೆಲಸ ಮಾಡುತ್ತಾಳಾ ಎಂದು ಕೇಳಿದರೆ ಇಲ್ಲ ಎನ್ನಿ.